ತಗಡು ತೋಟಾ

ಓರ್ವಲ್ ಸ್ಟೆಂಪಲ್‌ಗೂ ಅವನ ಅಳಿಯ ಟ್ರೆಂಟ್‌ಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮದುವೆಯ ದಿನ ಹುಟ್ಟಿದ ಜಗಳವಲ್ಲ ಅದು. ಆ ದಿನ ಇಬ್ಬರೂ ಚೆನ್ನಾಗಿಯೇ ಇದ್ದರು, ಚರ್ಚಿನ ಹಿಂದಿನ ಹುಲ್ಲಿನ ಮೇಲೆ ನಿಂತು ಒಂದೇ ಬಾಟಲಿಯಿಂದ ಕುಡಿದೂ ಇದ್ದರು. ಟ್ರೆಂಟ್ ಮೊದಲ ಸಲ ಕ್ಲಬ್ಬಿಗೆ ಬಂದು, ಬೂದು ಬಣ್ಣದ ತೋಟಾಗಳ ಡಬ್ಬಿಯೊಂದನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟನಲ್ಲ, ಅಲ್ಲಿಂದ ಶುರುವಾಯಿತು. ಹಿತ್ತಾಳೆಯ ಚಿಪ್ಪಿನವಲ್ಲ, ಉಕ್ಕಿನ ಚಿಪ್ಪಿನವು. ಪಿಸ್ತೂಲಿಗೆ ಹಾಕುವ ತೋಟಾಗಳಲ್ಲಿ ಅದಕ್ಕಿಂತ ಅಗ್ಗದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಓರ್ವಲ್ ನಿಂತ ನಿಲುವಿನಲ್ಲೇ ಅದಕ್ಕೆ ತಗಡು ಎಂದು ಹೆಸರಿಟ್ಟ.

ಕ್ಲಬ್ಬು ಎಂದರೆ ಊರಾಚೆ ಕಲ್ಲು ತೆಗೆದು ಮುಗಿದು ಬಿಟ್ಟುಹೋದ ಒಂದು ಸುಣ್ಣಗಲ್ಲಿನ ಗಣಿ. ಮೂರು ಕಡೆ ಎತ್ತರದ ಕಲ್ಲುಗೋಡೆ, ಎದುರಿಗೆ ಗುಂಡು ನುಂಗುವ ಮಣ್ಣಿನ ದಿಬ್ಬ, ಇತ್ತ ಮರದ ಸೂರಿನಡಿ ಸಾಲಾಗಿ ಮೇಜುಗಳು. ದಕ್ಷಿಣ ಇಂಡಿಯಾನಾದ ಈ ಮೂಲೆಯಲ್ಲಿ ಶನಿವಾರ ಬೆಳಿಗ್ಗೆ ಗಂಡಸರು ಇಲ್ಲಿರುತ್ತಾರೆ, ಇಲ್ಲವೇ ಮೀನು ಹಿಡಿಯಲು ಹೋಗಿರುತ್ತಾರೆ. ಎರಡೂ ಕಡೆ ಕಾಣದವನಿಗೆ ಮೈ ಸರಿಯಿಲ್ಲ ಎಂದೇ ಲೆಕ್ಕ. ಇಲ್ಲಿ ಗುರಿ ಹೊಡೆಯುವವರನ್ನು ನೋಡಿಕೊಳ್ಳುವವನು ಓರ್ವಲ್. ಸಂಬಳವಿಲ್ಲ, ಒಂದು ಕೆಂಪು ಟೊಪ್ಪಿಗೆ ಇದೆ. ಅವನು 'ಹೊಡೀರಿ' ಎಂದರೆ ಹೊಡೆಯಬೇಕು, 'ಸಾಕು' ಎಂದರೆ ಬಿಡಬೇಕು. ಒಂದು ಮಾತು ಮಾತ್ರ ಟೊಪ್ಪಿಗೆಗೂ ಮೇಲಿನದು. 'ನಿಲ್ಲಿಸಿ' ಎಂದು ಯಾರು ಬೇಕಾದರೂ ಕೂಗಬಹುದು. ಮಕ್ಕಳು ಕೂಗಿದರೂ ಸರಿ, ಮೊದಲ ದಿನ ಬಂದವನು ಕೂಗಿದರೂ ಸರಿ. ಕೂಗು ಬಿದ್ದ ಮೇಲೆ ಎಲ್ಲರೂ ಪಿಸ್ತೂಲು ಕೆಳಗಿಡಬೇಕು, ಯಾಕೆ ಏನು ಎಂಬುದನ್ನು ಆಮೇಲೆ ಕೇಳಬೇಕು.

ಓರ್ವಲ್ ಬೂಟಿನ ದಾರಕ್ಕೆ ಒಂದು ಅಯಸ್ಕಾಂತ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದ. ಉಕ್ಕಿನ ಗುಂಡು ಕಲ್ಲಿಗೆ ಬಡಿದರೆ ಕಿಡಿ ಹಾರುತ್ತದೆ, ಅದಕ್ಕಾಗಿ ಎಂದು ಹೇಳುತ್ತಿದ್ದ. ಎಲ್ಲರ ಡಬ್ಬಿಗೂ ಅದನ್ನು ಮುಟ್ಟಿಸುವ ಶಾಸ್ತ್ರ ಮಾಡುತ್ತಿದ್ದ. ಟ್ರೆಂಟ್‌ನ ಡಬ್ಬಿಯ ಮುಂದೆ ಮಾತ್ರ ಶಾಸ್ತ್ರ ಹೋಗಿ ನಾಟಕವಾಗುತ್ತಿತ್ತು. ಅಯಸ್ಕಾಂತಕ್ಕೆ ಅಂಟಿದ ತೋಟಾವನ್ನು ಸತ್ತ ಇಲಿಯ ಹಾಗೆ ಎತ್ತಿ ಹಿಡಿದು, ಸಾಲಿನ ಈ ತುದಿಯಿಂದ ಆ ತುದಿಗೆ ತೋರಿಸಿಕೊಂಡು ಬರುತ್ತಿದ್ದ. ಕಾಗದದ ಗುರಿಗೆ ಅದನ್ನು ಹೊಡೆಯಬಾರದೆಂದು ಕ್ಲಬ್ಬಿನ ಯಾವ ನಿಯಮದಲ್ಲೂ ಇರಲಿಲ್ಲ. ಹಾಗಾಗಿ ಅವನಿಗೆ ಆಡಿಕೊಳ್ಳಲಷ್ಟೇ ಸಾಧ್ಯವಿತ್ತು, ಅದನ್ನವನು ಮನಸಾರೆ ಮಾಡುತ್ತಿದ್ದ.

ಅಸಲು ಸಂಕಟ ಬೇರೆಯೇ. ಹಿತ್ತಾಳೆಯ ಚಿಪ್ಪನ್ನು ಹೊಡೆದ ಮೇಲೂ ಮತ್ತೆ ತುಂಬಬಹುದು, ಉಕ್ಕಿನದನ್ನು ಆಗುವುದಿಲ್ಲ. ಎಲ್ಲರೂ ಹೊಡೆದು ಹೋದ ಮೇಲೆ ಓರ್ವಲ್ ನೆಲದ ಮೇಲಿನ ಚಿಪ್ಪುಗಳನ್ನು ಗುಡಿಸಿ ಮನೆಗೆ ಒಯ್ಯುತ್ತಿದ್ದ. ತೊಳೆದು, ಮದ್ದಿಗೆ ಕಿಡಿ ತಾಗಿಸುವ ಕೇಪನ್ನು ಬುಡಕ್ಕೆ ಹಾಕಿ, ಮದ್ದು ತುಂಬಿ, ಸೀಸ ಕರಗಿಸಿ ತಾನೇ ಅಚ್ಚು ಹೊಯ್ದ ಗುಂಡು ಕೂರಿಸುತ್ತಿದ್ದ. ಗುಂಡಿಗೆ ನೀಲಿ ಪುಡಿ ಹಚ್ಚಿ ಒಲೆಯಲ್ಲಿ ಬೇಯಿಸುತ್ತಿದ್ದುದರಿಂದ ಊರವರು ಅದನ್ನು ಓರ್ವಲ್ ನೀಲಿ ಎನ್ನುತ್ತಿದ್ದರು. ಅಗ್ಗವೆಂದರೆ ಅದೂ ಅಗ್ಗದ್ದೇ, ಆದರೆ ಅದಕ್ಕೆ ಮಾನ ಇತ್ತು. ಅವನ ನೀಲಿ ತೋಟಾ ಒಂದೂ ಕೈಕೊಟ್ಟಿಲ್ಲ ಎಂದು ಜನ ಬೇರೆ ಊರಿನವರಿಗೂ ಹೇಳುತ್ತಿದ್ದರು. ಗಣಿ ಕಂಪನಿ ಅವನನ್ನು ಮನೆಗೆ ಕಳಿಸಿಯಾಗಿತ್ತು, ಮಂಡಿ ಸವೆದಿತ್ತು, ಹೆಂಡತಿ ವಿಲ್ಮಾ ಅವನ ಮಾತಿಗೆ ಕಿವಿಗೊಡುವುದನ್ನು ಎಂದೋ ಬಿಟ್ಟಿದ್ದಳು. ನೀಲಿ ತೋಟಾದ ಹೆಸರೊಂದು ಹೋದರೆ ಓರ್ವಲ್ ಎಂದರೆ ಮಂಡಿ ನೋವಿನ ಇನ್ನೊಬ್ಬ ಮುದುಕ, ಅಷ್ಟೇ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಆ ಶುಕ್ರವಾರ ಸಂಜೆ ಅವನು ಗ್ಯಾರೇಜಿನಲ್ಲಿ ತೋಟಾ ತುಂಬುವ ಯಂತ್ರದ ಮುಂದೆ ಕೂತಿದ್ದ. ದೊಡ್ಡ ಯಂತ್ರವೇನಲ್ಲ: ಒಂದು ಹಿಡಿ, ಒಂದು ತಿರುಗುವ ತಟ್ಟೆ, ನೆತ್ತಿಯ ಮೇಲೆ ಮದ್ದಿನ ಕೊಳವೆ. ಹಿಡಿ ಎಳೆದಾಗಲೆಲ್ಲ ಒಂದು ಚಿಪ್ಪಿಗೆ ಚಿಟಿಕೆ ಮದ್ದು ಬೀಳುತ್ತದೆ, ಅದರ ಮುಂದಿನದರ ಬಾಯಿಗೆ ಗುಂಡು ಕೂರುತ್ತದೆ. ಗುಂಡು ಕೂರುವ ಮೊದಲು ಪ್ರತಿ ಚಿಪ್ಪಿನೊಳಗೂ ಇಣುಕಿ ಮದ್ದು ಬಿದ್ದಿದೆಯೇ ಎಂದು ನೋಡುವುದು ಅವನ ನೇಮ. ಮಗಳು ಮಾರ್ಲಾಗೆ ಮರುದಿನಕ್ಕೆ ಬೇಕು, ಗೆಳೆಯ ಎಲ್ಡನ್‌ಗೂ ಒಂದು ಡಬ್ಬಿ ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಅಷ್ಟರಲ್ಲಿ ಟ್ರೆಂಟ್ ಬಂದ. ವಿಲ್ಮಾ ಪರ್ಸಿಮನ್ ಹಣ್ಣಿನ ಸಿಹಿ ಮಾಡಿ ಕಳಿಸಿದ್ದ ತಟ್ಟೆಯನ್ನು ವಾಪಸು ತಂದಿದ್ದ. ತಟ್ಟೆ ಕೊಟ್ಟು ಹೋಗಬಹುದಿತ್ತು, ಹೋಗಲಿಲ್ಲ.

"ನಾಳೆ ಮಾರ್ಲಾಗೆ ನೀವು ತೋಟಾ ತರೋದು ಬೇಡ ಓರ್ವಲ್," ಎಂದ. "ನಾನೇ ಒಂದು ಪೆಟ್ಟಿಗೆ ತಂದಿಟ್ಟಿದೀನಿ. ಅವಳ ಗುರಿ ಪರೀಕ್ಷೆ ಮುಗಿಯೋ ತನಕ ಸಾಕಾಗುತ್ತೆ."

ಮಾರ್ಲಾ ಕೌಂಟಿ ಶೆರಿಫರ ಕೈಕೆಳಗೆ ಡೆಪ್ಯುಟಿ, ಪೊಲೀಸು ಕೆಲಸ. ಮುಂದಿನ ವಾರ ಅವಳಿಗೆ ವರ್ಷದ ಪರೀಕ್ಷೆ ಇತ್ತು.

"ಏನು ತಂದಿದೀಯ? ತಗಡಾ?"

"ಹೂಂ, ತಗಡೇ. ಕಾಗದಕ್ಕೆ ತೂತು ಹೊಡೆಯೋಕೆ ಬೆಳ್ಳಿ ತೋಟಾ ಬೇಕಾ?"

"ಅದರಲ್ಲಿ ಅರ್ಧ ಹಾರೋದೇ ಇಲ್ಲ."

"ಅರ್ಧ ಅಂತೆ ಅರ್ಧ. ಎಲ್ಲೋ ಡಬ್ಬಿಗೊಂದು ಕೆಟ್ಟದ್ದು ಇರುತ್ತೆ. ಇರಲಿ ಬಿಡಿ. ಕೈಕೊಟ್ಟಾಗ ಏನ್ ಮಾಡ್ಬೇಕು ಅಂತ ಅವಳ ಕೈಗೆ ರೂಢಿ ಆಗುತ್ತೆ. ದುಡ್ಡು ಕಮ್ಮಿ, ಪಾಠ ಪುಕ್ಕಟೆ."

"ಹಳಸಿದ್ದು ತಿನ್ಸಿ ಹೊಟ್ಟೆ ಗಟ್ಟಿ ಮಾಡ್ತೀನಿ ಅಂದಂಗಾಯ್ತು. ಟೈರ್ ಅಂಗಡೀಲೂ ಹಿಂಗೇನಾ? ತೂತಿರೋ ಟೈರ್ ಹಾಕ್ಸಿ ಪಂಚರ್ ಹಾಕೋದು ಕಲಿ ಅಂತೀರಾ?"

ಟ್ರೆಂಟ್ ಟೈರ್ ಅಂಗಡಿಯಲ್ಲಿ ಕೆಲಸ ಮಾಡುವವನು. ಅವನಿಗೆ ಆ ಮಾತು ನಾಟಿತು. ಬಾಗಿಲಿಗೆ ಒರಗಿ ನಿಂತು, ನಗುತ್ತಲೇ ವಿಷ ಕಾರಿದ.

"ನಮ್ಮ ಟೈರನ್ನ ಕಂಪನಿಯೋರು ಮಾಡ್ತಾರೆ ಯಜಮಾನ್ರೇ, ಪರೀಕ್ಷೆ ಮಾಡಿ ಕಳಿಸ್ತಾರೆ. ನಿಮ್ಮ ತೋಟಾನ ಯಾರು ಪರೀಕ್ಷೆ ಮಾಡ್ತಾರೆ? ಹೆಂಡ್ತಿ ಒಲೇಲಿ ಸೀಸ ಬೇಯ್ಸಿ, ಕಸದಲ್ಲಿ ಹೆಕ್ಕಿದ್ದಕ್ಕೆ ಮದ್ದು ತುಂಬ್ತೀರಿ. ಊರೋರು ಮುಖ ನೋಡಿ ಹೊಗಳ್ತಾರೆ. ಒಂದಿನ ಗೊತ್ತಾಗುತ್ತೆ ಬಿಡಿ."

ಓರ್ವಲ್‌ಗೆ ಮೈಯೆಲ್ಲ ಉರಿದುಹೋಯಿತು. ಅಳಿಯನ ಮುಖ ನೋಡುತ್ತ, ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ, ಹಿಡಿ ಎಳೆಯುತ್ತಲೇ ಇದ್ದ. ಕೈ ನಿಲ್ಲಲಿಲ್ಲ, ಇಣುಕುವುದು ನಿಂತಿತು. ಅವನ ಕಣ್ಣು ಟ್ರೆಂಟ್‌ನ ನಗುಮುಖದ ಮೇಲೆ ನೆಟ್ಟಿರುವಾಗ ಕೊಳವೆಯ ಮದ್ದು ತಳ ಕಂಡಿತು. ಟ್ರೆಂಟ್ ಬಾಗಿಲು ಬಡಿದು ಹೋದ ಮೇಲೆ ತಲೆಯೆತ್ತಿ ನೋಡಿದರೆ ಕೊಳವೆ ಬರಿದಾಗಿತ್ತು. ಎಷ್ಟು ಹೊತ್ತಿನಿಂದ ಬರಿದಾಗಿತ್ತು, ಎಷ್ಟು ತೋಟಾ ಮದ್ದಿಲ್ಲದೆ ಬರೀ ಹೊಟ್ಟೆಯಲ್ಲಿ ದಾಟಿ ಬುಟ್ಟಿಗೆ ಬಿದ್ದವು ಎಂಬುದನ್ನು ಆ ದೇವರೇ ಬಲ್ಲ. ನಿಯತ್ತಿನವನಾದರೆ ಇಡೀ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಒಂದೊಂದನ್ನೇ ಬಿಚ್ಚಿ ನೋಡಬೇಕಿತ್ತು. ಬೇರೆಯವರಾಗಿದ್ದರೆ ಓರ್ವಲ್ ಹಾಗೇ ಮಾಡಿಸುತ್ತಿದ್ದ, ಮಾಡಿಸಿ ಒಂದು ಭಾಷಣವನ್ನೂ ಬಿಗಿಯುತ್ತಿದ್ದ. ಅವತ್ತು ಮೇಲಿದ್ದ ನಾಲ್ಕಾರನ್ನು ತೆಗೆದು ಎಸೆದು, ಅಷ್ಟೇ ಇರಬೇಕು ಎಂದುಕೊಂಡ. ಬುಟ್ಟಿ ಬಿಚ್ಚುತ್ತ ಕೂತರೆ ನಾಳೆ ಮಗಳು ಅಳಿಯನ ತಗಡು ಹೊಡೆಯುತ್ತಾಳೆ. ಅದನ್ನು ಅವನಿಂದ ಸಹಿಸಲಾಗುತ್ತಿರಲಿಲ್ಲ. ಕೊಳವೆಗೆ ಮದ್ದು ಸುರಿದು ಉಳಿದದ್ದನ್ನು ತುಂಬಿದ. ಎಲ್ಲ ಬೆರೆಸಿ ಎರಡು ಡಬ್ಬಿ ಮಾಡಿದ, ಒಂದು ಮಗಳಿಗೆ, ಒಂದು ಎಲ್ಡನ್‌ಗೆ.

ಶನಿವಾರ ಬೆಳಿಗ್ಗೆ ಗಣಿಯಲ್ಲಿ ಗಾಳಿಯಿರಲಿಲ್ಲ. ಸಾಲಿನಲ್ಲಿ ನಾಲ್ಕಾರು ಜನ. ಕೊನೆಯ ಮೇಜಿನಲ್ಲಿ ಎಲ್ಡನ್, ಓರ್ವಲ್‌ನ ಜೊತೆ ಗಣಿಯಲ್ಲಿ ದುಡಿದವನು, ಕೋಲಿನಂಥ ಆಳು, ಮಾತು ಕಡಿಮೆ. ಓರ್ವಲ್ ಕೊಟ್ಟ ನೀಲಿ ಡಬ್ಬಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಮೇಜಿನ ಮೂಲೆಯಲ್ಲಿ ಇಟ್ಟುಕೊಂಡಿದ್ದ. ಮೊದಲು ಹಳೆಯದನ್ನು ಮುಗಿಸುತ್ತೇನೆ ಎಂದ. ಒಳ್ಳೆಯದನ್ನು ಕೊನೆಗೆ ಉಳಿಸಿಕೊಳ್ಳುವ ಜಾತಿ ಅವನದು.

ನಡುವಿನ ಮೇಜಿನಲ್ಲಿ ಮಾರ್ಲಾ ಗಂಡನ ತಗಡನ್ನು ಹೊಡೆಯುತ್ತಿದ್ದಳು. ಓರ್ವಲ್ ಅವಳ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದ, ಟ್ರೆಂಟ್ ಪಕ್ಕದಲ್ಲಿ. ತಗಡು ಹೊಡೆದರೆ ಸುಟ್ಟ ಬಣ್ಣದಂಥ ಕಮಟು ವಾಸನೆ, ಕೈಗೆಲ್ಲ ಮಸಿ. ಆದರೆ ಗುಂಡು ಗುರಿಯಿಟ್ಟಲ್ಲಿಗೇ ಹೋಗುತ್ತಿತ್ತು. ಕಾಗದದ ಮೇಲಿನ ಆಳಿನ ಚಿತ್ರದ ಎದೆಯ ನಡುವೆ ತೂತುಗಳು ಒಂದರ ಪಕ್ಕ ಒಂದು ಬೀಳುತ್ತಿದ್ದವು. ಒಂದು ಸಲ ಬರೀ ಟಿಕ್ ಎಂದಿತು, ತೋಟಾ ಹಾರಲಿಲ್ಲ. ಮಾರ್ಲಾ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿಕೆಯ ಬುಡಕ್ಕೆ ತಟ್ಟಿ, ಮೇಲ್ಭಾಗವನ್ನು ಹಿಂದಕ್ಕೆಳೆದು ಕೆಟ್ಟದ್ದನ್ನು ಉದುರಿಸಿ, ಮುಂದಿನದನ್ನು ಹೊಡೆದಳು. ತಟ್ಟು, ಎಳೆ, ಹೊಡೆ: ಅವಳು ಹುಡುಗಿಯಾಗಿದ್ದಾಗ ಓರ್ವಲ್‌ನೇ ಕಲಿಸಿದ್ದು. ಕೈ ಯೋಚಿಸಬಾರದು, ಮಾಡಬೇಕು ಎಂದು ಬೈದು ಬೈದು ಕಲಿಸಿದ್ದ.

"ನೋಡಿದ್ರಾ?" ಎಂದ ಟ್ರೆಂಟ್. "ಪುಕ್ಕಟೆ ಪಾಠ."

"ನೋಡಿದೆ. ನಿಜವಾದ ಕಳ್ಳ ಎದುರಿಗಿದ್ದಿದ್ರೆ ಅಷ್ಟರಲ್ಲಿ ಅವಳನ್ನ ಗುಂಡು ಹೊಡೆದು ಮಲಗಿಸ್ತಿದ್ದ." ಓರ್ವಲ್ ಬಗ್ಗಿ, ಹಾರದ ತೋಟಾವನ್ನು ಅಯಸ್ಕಾಂತದಿಂದ ಎತ್ತಿ ಎಲ್ಲರಿಗೂ ಕಾಣುವ ಹಾಗೆ ತೂಗಿಸಿದ. "ಎಲ್ಡನ್, ನೋಡಯ್ಯಾ ಇಲ್ಲಿ. ಅಳಿಯ ನನ್ನ ಮಗಳ ಪ್ರಾಣಕ್ಕೆ ಕಟ್ಟಿರೋ ಬೆಲೆ."

ಎಲ್ಡನ್ ತಲೆಯಾಡಿಸಿದ. ಯಾರೋ ನಕ್ಕರು. ಟ್ರೆಂಟ್‌ನ ಕಿವಿ ಕೆಂಪಗಾಯಿತು.

ಮಾರ್ಲಾ ಪಿಸ್ತೂಲು ಕೆಳಗಿಟ್ಟು ಇಬ್ಬರ ಕಡೆಗೂ ತಿರುಗಿದಳು. "ನಾನು ಇಲ್ಲಿಗೆ ಬಂದಿರೋದು ಗುರಿ ಕಲಿಯೋಕೆ. ನಿಮ್ಮಿಬ್ಬರ ಪಂಚಾಯ್ತಿ ಕೇಳೋಕೆ ಅಲ್ಲ. ಅಪ್ಪಾ, ನಿನ್ನ ನೀಲಿ ಕೊಡು. ಅದನ್ನೂ ಹೊಡೀತೀನಿ. ಹೊಡೆದ ಮೇಲೆ ಇಬ್ಬರೂ ಬಾಯಿ ಮುಚ್ಕೊಂಡಿರಬೇಕು."

ಓರ್ವಲ್ ಬಾಯಿ ಮುಚ್ಚಿಕೊಳ್ಳುವವನೇ? ಡಬ್ಬಿ ತೆರೆದು, ನೀಲಿ ತೋಟಾಗಳನ್ನು ತಾನೇ ಪಿಸ್ತೂಲಿನ ಹಿಡಿಕೆಯೊಳಗೆ ಸೇರುವ ಮ್ಯಾಗಜೀನಿಗೆ ತುಂಬಿ ಕೊಟ್ಟ. ಅವಳು ಹೊಡೆಯತೊಡಗಿದಳು. ವಾಸನೆಯಿಲ್ಲ, ಮಸಿಯಿಲ್ಲ, ಸದ್ದೂ ಒಂದು ಹದದ್ದು. ಒಂದೊಂದು ಸಲವೂ ಓರ್ವಲ್ ಅಳಿಯನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದ. ಟ್ರೆಂಟ್ ಕೈ ಜೇಬಿನಲ್ಲಿಟ್ಟುಕೊಂಡು ಕಾಯುತ್ತಿದ್ದ. ಮಾವನ ತೋಟಾ ಒಂದೇ ಒಂದು ಕೈಕೊಡಲಿ ಎಂದು ಅವನು ಎಷ್ಟು ಶನಿವಾರಗಳಿಂದ ಕಾಯುತ್ತಿದ್ದನೋ. ಒಳ್ಳೆಯ ಮನಸ್ಸಿನಿಂದ ಕಾಯುತ್ತಿದ್ದ ಎಂದು ನಾನು ಹೇಳುವುದಿಲ್ಲ. ಆದರೆ ಹಾಗೆ ಕಾಯುವವನ ಕಿವಿ ಚುರುಕಾಗಿರುತ್ತದೆ.

ಎರಡನೆಯ ಮ್ಯಾಗಜೀನಿನ ನಡುವೆ ಸದ್ದು ಬದಲಾಯಿತು. ಢಂ ಎನ್ನುವ ಜಾಗದಲ್ಲಿ ಪುಸ್ ಎಂದಿತು, ಬಾಟಲಿಯ ಬಿರಡೆ ಕಿತ್ತ ಹಾಗೆ. ಪಿಸ್ತೂಲು ಅವಳ ಕೈಯನ್ನು ಒದೆಯಲಿಲ್ಲ. ಕಾಗದದಲ್ಲಿ ಹೊಸ ತೂತು ಬೀಳಲಿಲ್ಲ.

"ನಿಲ್ಲಿಸಿ," ಎಂದು ಟ್ರೆಂಟ್ ಕೂಗಿದ.

ಸಾಲಿನವರೆಲ್ಲ ಪಿಸ್ತೂಲು ಕೆಳಗಿಟ್ಟರು. ಮಾರ್ಲಾಳ ಕೈ ಆಗಲೇ ಹಿಡಿಕೆಯ ಬುಡಕ್ಕೆ ತಟ್ಟಿಯಾಗಿತ್ತು, ಮೇಲ್ಭಾಗ ಎಳೆದೂ ಆಗಿತ್ತು. ಬೆರಳು ಪಿಸ್ತೂಲಿನ ಕುದುರೆಯ ಮೇಲೆ ಬಂದು ನಿಂತಿತು. ಅಲ್ಲೇ ನಿಂತುಕೊಂಡಿತು.

"ಯಾಕಮ್ಮಾ ನಿಂತೆ? ಹೊಡಿ," ಎಂದ ಓರ್ವಲ್.

"ಸದ್ದು ಸರಿ ಇರಲಿಲ್ಲ ಅಪ್ಪಾ."

"ಗುಂಡು ನಳಿಗೇಲೇ ಸಿಕ್ಕೊಂಡಿದೆ," ಎಂದ ಟ್ರೆಂಟ್. "ಮದ್ದೇ ಇರಲಿಲ್ಲ ಅದರಲ್ಲಿ. ಬರೀ ಕೇಪು ಹೊಡೀತು. ಕೆಳಗಿಡು ಮಾರ್ಲಾ."

"ಮದ್ದಿರಲಿಲ್ವಂತೆ." ಓರ್ವಲ್ ಸಾಲಿನ ಉದ್ದಕ್ಕೂ ಕೇಳುವ ಹಾಗೆ ಹೇಳಿದ. "ನಿಲ್ಲಿಸಿ ಅಂತ ಯಾರು ಬೇಕಾದ್ರೂ ಕೂಗ್ಬಹುದು, ನಿಜ. ಕಿವಿ ಇರೋರು ಕೂಗಿದ್ರೆ ಚೆಂದ. ಇಷ್ಟು ಹೊತ್ತು ನಿನ್ನ ತಗಡು ಹೊಡೆದು ಹೊಡೆದು ಪಿಸ್ತೂಲಿನೊಳಗೆಲ್ಲ ಮಸಿ ಕೂತಿದೆ ಕಣಯ್ಯಾ. ಅದಕ್ಕೇ ಮಂಕಾಗಿ ಹೊಡೀತು."

"ಮಸಿಗೆ ಹಂಗೆ ಸದ್ದು ಬರಲ್ಲ. ಬಿಚ್ಚಿ ನೋಡಿ. ನಿಮಗೆ ಏನ್ ಕಷ್ಟ?"

ಏನೂ ಕಷ್ಟವಿರಲಿಲ್ಲ. ಸದ್ದು ಕುಗ್ಗಿದರೆ ಬಿಚ್ಚಿ, ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಬೇಕು, ಒಳಗೆ ಸಿಕ್ಕ ಗುಂಡಿನ ಬೆನ್ನಿಗೆ ಇನ್ನೊಂದು ಹೊಡೆದರೆ ಪಿಸ್ತೂಲೇ ಸಿಡಿಯುತ್ತದೆ ಎಂಬುದನ್ನು ಆ ಸಾಲಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಓರ್ವಲ್‌ನೇ ಹೇಳಿಕೊಟ್ಟಿದ್ದ. ಆದರೆ ಬಿಚ್ಚಿ ನೋಡುವುದೆಂದರೆ ಟ್ರೆಂಟ್ ಹೇಳಿದ್ದು ನಿಜವಿರಬಹುದು ಎಂದು ಒಪ್ಪಿಕೊಂಡ ಹಾಗೆ. ಎಲ್ಲರೂ ನೋಡುತ್ತಿದ್ದರು. ಎಲ್ಡನ್ ನೋಡುತ್ತಿದ್ದ.

"ಕೊಡಿಲ್ಲಿ," ಎಂದ ಓರ್ವಲ್.

"ಅಪ್ಪಾ, ಬೇಡ."

ಅವಳ ಕೈಯಿಂದ ಪಿಸ್ತೂಲು ಕಿತ್ತುಕೊಂಡ. ಅಳಿಯನ ಮುಖವನ್ನೊಮ್ಮೆ ನೋಡಿ, ಒಂದೇ ಕೈಯಲ್ಲಿ ದಿಬ್ಬಕ್ಕೆ ಗುರಿಯಿಟ್ಟು ಕುದುರೆ ಎಳೆದ.

ಆ ಸದ್ದು ಮಾತ್ರ ಗಣಿಯ ಮೂರು ಗೋಡೆಗೂ ಬಡಿದು ಬಂತು. ಪಿಸ್ತೂಲು ಅವನ ಕೈಯಲ್ಲೇ ಸೀಳಿತು. ಮ್ಯಾಗಜೀನು ಕೆಳಗೆ ಸಿಡಿದು ಮೇಜಿನ ಕಾಲಿಗೆ ಬಡಿಯಿತು, ಹಿಡಿಕೆಯ ಚೂರುಗಳು ಸೂರಿಗೆ ತಾಗಿದವು. ಓರ್ವಲ್ ಹಿಂದಕ್ಕೆ ಎರಡು ಹೆಜ್ಜೆ ತೂರಾಡಿ ಕುರ್ಚಿಯ ಮೇಲೆ ಕುಸಿದ. ಕನ್ನಡಕ ಇತ್ತು, ಕಣ್ಣು ಉಳಿಯಿತು. ಕೆನ್ನೆ ಸೀಳಿತ್ತು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಹರಿದು ರಕ್ತ ಮೊಣಕೈವರೆಗೂ ಇಳಿಯುತ್ತಿತ್ತು.

ಟ್ರೆಂಟ್ ಏನೂ ಆಡಿಕೊಳ್ಳಲಿಲ್ಲ. ಅಷ್ಟು ಮಟ್ಟಿಗೆ ಅವನನ್ನು ಮೆಚ್ಚಬೇಕು. ಅಂಗಿ ಬಿಚ್ಚಿ ಮಾವನ ಕೈಗೆ ಬಿಗಿಯಾಗಿ ಸುತ್ತಿ, "ಎತ್ತಿ ಹಿಡೀರಿ, ಕೆಳಗೆ ಬಿಡ್ಬೇಡಿ," ಎಂದು, ಔಷಧಿಯ ಪೆಟ್ಟಿಗೆ ತರಲು ತನ್ನ ಟ್ರಕ್ಕಿನ ಕಡೆ ಓಡಿದ.

ಮಾರ್ಲಾ ನೆಲದ ಮೇಲೆ ಬಿದ್ದಿದ್ದ ಪಿಸ್ತೂಲನ್ನು ಎತ್ತಿಕೊಂಡಳು. ನಳಿಗೆ ಉದ್ದಕ್ಕೂ ಬಿರಿದಿತ್ತು. ಬಿರುಕಿನೊಳಗೆ ಎರಡು ಗುಂಡುಗಳು ಒಂದರ ಬೆನ್ನಿಗೊಂದು ಜಜ್ಜಿಕೊಂಡು ಕೂತಿದ್ದವು. ಎರಡೂ ನೀಲಿ. ಅವಳು ಅದನ್ನು ಅಪ್ಪನ ಕಣ್ಣ ಮುಂದೆ ಹಿಡಿದಳು, ಬೇರೆ ಯಾರಿಗೂ ಕಾಣದ ಹಾಗೆ. ಓರ್ವಲ್ ನೋಡಿದ. ಅವನಿಗೆ ಗ್ಯಾರೇಜು ಕಣ್ಣಿಗೆ ಕಟ್ಟಿತು. ಬರಿದಾದ ಕೊಳವೆ, ತಾನು ಎಸೆದ ನಾಲ್ಕಾರು ತೋಟಾ, ಎಲ್ಲ ಬೆರೆಸಿ ತುಂಬಿದ ಎರಡು ಡಬ್ಬಿ. ಗಾಯವಾಗದ ಕೈ ಚಾಚಿ ಪಿಸ್ತೂಲನ್ನು ಅವಳಿಂದ ತೆಗೆದುಕೊಂಡು ತೊಡೆಯ ಮೇಲಿಟ್ಟು, ಕೆಂಪು ಟೊಪ್ಪಿಗೆಯನ್ನು ಅದರ ಮೇಲೆ ಮುಚ್ಚಿದ.

ಅಷ್ಟರಲ್ಲಿ ಎಲ್ಡನ್ ಮತ್ತು ಉಳಿದವರು ಬಂದು ಸುತ್ತ ನಿಂತರು.

"ಏನಾಯ್ತಯ್ಯಾ ಓರ್ವಲ್? ಯಾವುದು ಸಿಡಿದದ್ದು?" ಎಂದ ಎಲ್ಡನ್.

ಓರ್ವಲ್ ಮಗಳ ಕಡೆ ನೋಡಲಿಲ್ಲ. "ತಗಡು," ಎಂದ. "ಒಂದು ತಗಡು ಒಳಗೆ ಉಳ್ಕೊಂಡಿತ್ತು. ಈ ದರಿದ್ರದ್ದು ಒಂದಿನ ಹಿಂಗೆ ಮಾಡುತ್ತೆ ಅಂತ ನಾನು ಬಡ್ಕೊಳ್ತಾನೇ ಇದ್ದೆ."

"ಹೇಳ್ತಿದ್ದೆ, ಪಾಪ," ಎಂದ ಎಲ್ಡನ್. "ಆಸ್ಪತ್ರೆಗೆ ನಡಿ."

"ಗೀರು ಬಿದ್ದಿದ್ದಕ್ಕೆ ಯಾವ ಆಸ್ಪತ್ರೆ. ಕಟ್ಟು ಹಾಕ್ಲಿ, ಆಮೇಲೆ ನೋಡೋಣ." ಸಾಲನ್ನು ಮುಚ್ಚಿಸಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಕೇಳಿದರೆ ಪಿಸ್ತೂಲು ನೋಡುತ್ತಾರೆ. ಓರ್ವಲ್ ಕುರ್ಚಿಯಲ್ಲಿ ನೆಟ್ಟಗೆ ಕೂತು, ದೊಡ್ಡ ದನಿ ತೆಗೆದ. "ತಗಡು ಇವತ್ತಿಂದ ಬಂದ್. ಈ ಗಣೀಲಿ ಯಾರೂ ಹೊಡೆಯಂಗಿಲ್ಲ. ಉಳಿದೋರು ಹೋಗಿ, ನಿಮ್ಮ ಪಾಡಿಗೆ ಹೊಡೀರಿ. ಏನೂ ಭಯ ಇಲ್ಲ."

ಜನ ಚದುರಿದರು. ಔಷಧಿಯ ಪೆಟ್ಟಿಗೆ ಹಿಡಿದು ಬಂದ ಟ್ರೆಂಟ್ ಆ ಕೊನೆಯ ಮಾತನ್ನು ಕೇಳಿಸಿಕೊಂಡ. ಹೆಂಡತಿಯ ಮುಖ ನೋಡಿದ. ಅವಳು ಕೈಯೆತ್ತಿ ಸುಮ್ಮನಿರು ಎಂದಳು. ಅವನು ಹಲ್ಲು ಕಚ್ಚಿಕೊಂಡು, ಮಾವನ ಕಾಲ ಬಳಿ ಮಂಡಿಯೂರಿ ಬಟ್ಟೆ ಬಿಚ್ಚತೊಡಗಿದ.

ಮಾರ್ಲಾ ಅಪ್ಪನ ಕುರ್ಚಿಗೆ ಒರಗಿ ನಿಂತು ಮೆಲ್ಲಗೆ ಹೇಳಿದಳು. "ಎಲ್ಡನ್ ಹತ್ರ ಇರೋ ಡಬ್ಬಿ ಯಾವತ್ತಿನದು?"

ಓರ್ವಲ್ ತೊಡೆಯ ಮೇಲಿನ ಟೊಪ್ಪಿಗೆಯನ್ನು ಇನ್ನಷ್ಟು ಒತ್ತಿ ಹಿಡಿದ.

"ಅಪ್ಪಾ. ನಂದೂ ಅವರದ್ದೂ ಒಂದೇ ದಿನದ್ದಾ?"

"ಎಲ್ಲ ಸರಿ ಇದೆ ಅದು. ಒಂದು ತಪ್ಪಿತು ಅಂತ ಎಲ್ಲ ತಪ್ಪುತ್ತಾ?"

"ನಿನಗೆ ಗೊತ್ತಿತ್ತಾ?"

ಅವನು ಸಾಲಿನ ಕೊನೆಯ ಕಡೆ ನೋಡುತ್ತಿದ್ದ. ಅಲ್ಲಿ ಎಲ್ಡನ್ ಹಳೆಯ ತೋಟಾ ಮುಗಿಸಿ, ಮೂಲೆಯಲ್ಲಿದ್ದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದ. ಒಂದೊಂದೇ ನೀಲಿ ತೋಟಾವನ್ನು ಹೆಬ್ಬೆರಳಿನಿಂದ ಒತ್ತಿ ಮ್ಯಾಗಜೀನಿಗೆ ತುಂಬುತ್ತಿದ್ದ. ಎಲ್ಡನ್‌ನ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು, ನಿಧಾನವಾಗಿ ತುಂಬುತ್ತಿದ್ದ. ಅಷ್ಟು ಹೊತ್ತೂ ಓರ್ವಲ್‌ಗೆ ಸಮಯವಿತ್ತು. ಒಂದು ಮಾತು ಸಾಕಾಗಿತ್ತು. ಯಾಕೆ ಎಂದು ಆಮೇಲೆ ಹೇಳಿದ್ದರೂ ನಡೆಯುತ್ತಿತ್ತು, ಹೇಳದೆಯೇ ಇದ್ದಿದ್ದರೂ ಒಂದು ಸುಳ್ಳು ಹೊಸೆಯಬಹುದಿತ್ತು. ಅವನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಕೂಗಿದರೆ ಎಲ್ಲರೂ ಎಲ್ಡನ್‌ನ ಡಬ್ಬಿಯ ಕಡೆ ನೋಡುತ್ತಾರೆ, ಡಬ್ಬಿಯೊಳಗಿರುವುದು ಓರ್ವಲ್ ನೀಲಿ. ಅಲ್ಲಿಗೆ ಮುಗಿಯಿತು. ಅದರಲ್ಲಿ ಕೆಟ್ಟದ್ದು ಇಲ್ಲದೆಯೂ ಇರಬಹುದಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಇದ್ದರೂ ಎಲ್ಡನ್ ಸದ್ದು ಕೇಳಿ ನಿಲ್ಲಿಸಬಹುದಲ್ಲ. ಎಲ್ಡನ್‌ನ ಬಲಗಿವಿ ಗಣಿಯಲ್ಲೇ ಹೋಗಿತ್ತು, ಅದೂ ಅವನಿಗೆ ಗೊತ್ತಿತ್ತು.

ಎಲ್ಡನ್ ಮ್ಯಾಗಜೀನು ಸೇರಿಸಿದ. ಕಿವಿಗವುಸು ಸರಿಮಾಡಿಕೊಂಡ. ಪಿಸ್ತೂಲನ್ನು ಎರಡು ಕೈಯಲ್ಲಿ ಎತ್ತಿದ.

ಮಾರ್ಲಾ ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಆ ಬಾಯಿ ಇಷ್ಟು ವರ್ಷ ಅವಳಿಗೆ ಏನೇನು ಹೇಳಿಕೊಟ್ಟಿತ್ತು, ಎಷ್ಟು ಸಲ ಬೈದಿತ್ತು. ಟ್ರೆಂಟ್‌ನ ಒಂದು ತೋಟಾ ಹಾರದಿದ್ದಕ್ಕೆ ಊರಿಗೆಲ್ಲ ಸಾರಿತ್ತು. ಈಗ ಅದು ತೆರೆಯಲಿಲ್ಲ.

"ನಿಲ್ಲಿಸಿ," ಎಂದು ಮಾರ್ಲಾ ಕೂಗಿದಳು.

ಎಲ್ಲರೂ ಪಿಸ್ತೂಲು ಕೆಳಗಿಟ್ಟರು. ಎಲ್ಡನ್ ಕೇಳಿಸಿಕೊಂಡನೋ ಇಲ್ಲವೋ ಎಂದು ಅವಳು ಓಡಿಹೋಗಿ ಅವನ ಭುಜ ಹಿಡಿದಳು. ಅವನು ಗಾಬರಿಯಾಗಿ ಪಿಸ್ತೂಲನ್ನು ಮೇಜಿನ ಮೇಲಿಟ್ಟ. ಅವಳು ಅವನ ಕಿವಿಗವುಸನ್ನು ತೆಗೆದು, ಎಡಗಿವಿಗೆ ಬಾಯಿಟ್ಟು ಏನೋ ಹೇಳಿದಳು. ಎಲ್ಡನ್ ಡಬ್ಬಿಯನ್ನು ನೋಡಿದ, ಆಮೇಲೆ ಓರ್ವಲ್‌ನನ್ನು ನೋಡಿದ.

ಮಾರ್ಲಾ ತಿರುಗಿ ಬಂದಳು. "ಆ ಪಿಸ್ತೂಲು ನನ್ನ ಕೈಲಿ ಸಿಡೀಬೇಕಾಗಿತ್ತು. ಗೊತ್ತಿಲ್ಲದೆ ಆಯ್ತು ಅನ್ನು, ಒಪ್ಕೋತೀನಿ. ನೀನು ಅಪ್ಪ, ನನ್ನ ಕೈ ಕೇಳಿದ್ರೂ ಕೊಡ್ತಿದ್ದೆ. ಆದ್ರೆ ಎಲ್ಡನ್?"

"ನಾನು ಹೇಳೋನೇ ಇದ್ದೆ," ಎಂದ ಓರ್ವಲ್.

"ಯಾವಾಗ?"

ಟ್ರೆಂಟ್ ಕಟ್ಟು ಬಿಗಿಯುತ್ತಿದ್ದವನು ತಲೆಯೆತ್ತಲಿಲ್ಲ. ಸಾಲಿನ ಕೊನೆಯಲ್ಲಿ ಎಲ್ಡನ್ ನೀಲಿ ತೋಟಾಗಳನ್ನು ಮ್ಯಾಗಜೀನಿನಿಂದ ಒಂದೊಂದಾಗಿ ಹೊರಕ್ಕೆ ತಳ್ಳುತ್ತಿದ್ದ, ಅದನ್ನು ಕಂಡು ಪಕ್ಕದವರು ತಮ್ಮ ತಮ್ಮ ಡಬ್ಬಿಗಳನ್ನು ತೆರೆದು ಬಣ್ಣ ನೋಡಿಕೊಳ್ಳುತ್ತಿದ್ದರು. ಯಾರೂ ಈ ಕಡೆ ತಿರುಗಲಿಲ್ಲ.